ಮನೆಯಲ್ಲೇ ಗಾಡಿ ರಿಪೇರಿ: ಯಾವ ಎಚ್ಚರಿಕೆ ನಿಜಕ್ಕೂ ಬೇಕು, ಯಾವುದು ಸುಮ್ನೆ ಶೋಕಿ?

ಭಾನುವಾರದ ಮೆಕ್ಯಾನಿಕ್
ಎಲ್ಲರಿಗೂ ನಮಸ್ಕಾರ. ಗಾಡಿ ಕೆಲಸ ಆದಷ್ಟು ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಶುರು ಮಾಡಿದ್ದೇನೆ. ಒಂದು ಹಳೇ ಆಲ್ಟೊ, ಒಂದು ಬೈಕು. ಆಯಿಲ್ ಬದಲಿಸುವುದು, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್, ಚೈನ್ ಕ್ಲೀನಿಂಗ್ ಇಷ್ಟು ಬರುತ್ತದೆ. ಮುಂದೆ ಕಾರಿನ ಅಡಿ ಮಲಗಿ ಮಾಡುವ ಕೆಲಸವನ್ನೂ ಕಲಿಯಬೇಕು ಅಂತ ಆಸೆ.

ವಿಡಿಯೋ ನೋಡಿದರೆ ಗ್ಲೌಸು, ಕನ್ನಡಕ, ಮಾಸ್ಕು, ಬೂಟು ಅಂತ ಉದ್ದ ಪಟ್ಟಿ ಹೇಳುತ್ತಾರೆ. ನಮ್ಮ ಬೀದಿಯ ಮೇಸ್ತ್ರಿ ಮಾತ್ರ ಹವಾಯಿ ಚಪ್ಪಲಿ ಹಾಕಿಕೊಂಡು, ಬೀಡಿ ಕಚ್ಚಿಕೊಂಡೇ ಪೆಟ್ರೋಲಿನಲ್ಲಿ ಕಾರ್ಬ್ಯುರೇಟರ್ ತೊಳೆಯುತ್ತಾರೆ. ಯಾರ ಮಾತು ಕೇಳಲಿ? ಜೀವಕ್ಕೆ ಕುತ್ತು ತರುವುದು ಯಾವುದು, ಬಿಟ್ಟರೂ ನಡೆಯುವುದು ಯಾವುದು, ಗೊತ್ತಿದ್ದವರು ಹೇಳಿ. ಕೆಲಸ ಮಾಡುವ ಜಾಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್.

ಹೈವೇ ಹನುಮ
ಜಾಕ್ ನಂಬಬೇಡಿ. ಉಳಿದದ್ದು ಆಮೇಲೆ.

ಮಲ್ನಾಡ್ ಜೀಪ್
ಹನುಮಣ್ಣ ಒಂದೇ ಸಾಲಲ್ಲಿ ಮುಗಿಸಿದರು, ನಾನು ಸ್ವಲ್ಪ ಬಿಡಿಸಿ ಹೇಳ್ತೀನಿ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಇರುವುದು ಸ್ಟೆಪ್ನಿ ಹಾಕುವುದಕ್ಕೆ, ಅಷ್ಟೇ. ಟ್ರಾಲಿ ಜಾಕ್ ತಂದರೂ ಅದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಒಳಗಿನ ಒಂದು ರಬ್ಬರ್ ಸೀಲ್ ಕೈಕೊಟ್ಟರೆ ಸಾಕು, ಎಣ್ಣೆ ಹಿಂದೆ ಸರಿದು ಗಾಡಿ ಕೆಳಗೆ ಬರುತ್ತದೆ. ಆಲ್ಟೊ ಚಿಕ್ಕದು ಅಂದರೂ ಹತ್ತಿರ ಹತ್ತಿರ 700 ಕೆಜಿ. ಎದೆ ಮೇಲೆ ಕೂತರೆ ಯಾರನ್ನಾದರೂ ಕೂಗೋಣ ಅಂದರೂ ಉಸಿರಿರುವುದಿಲ್ಲ.

ಎತ್ತಿದ ತಕ್ಷಣ ಎರಡು ಆಕ್ಸಲ್ ಸ್ಟಾಂಡ್ (ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲು) ಕೊಡಿ. ಎಲ್ಲಿ ಕೊಡಬೇಕು ಅಂತ ಕಾರಿನ ಪುಸ್ತಕದಲ್ಲೇ ಚಿತ್ರ ಇರುತ್ತದೆ. ಕಂಡಲ್ಲೆಲ್ಲ ಕೊಟ್ಟರೆ ತಗಡು ಒಳಗೆ ಹೋಗುತ್ತದೆ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗವನ್ನೇ ಎತ್ತಿದರೆ ಆ ಬ್ರೇಕು ಇದ್ದೂ ಇಲ್ಲದ ಹಾಗೆ. ಆಗ ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಅಡ್ಡ ಇಡಲೇಬೇಕು. ನಟ್ಟುಗಳನ್ನು ಸಡಿಲ ಮಾಡುವುದು ಚಕ್ರ ನೆಲದ ಮೇಲಿರುವಾಗಲೇ, ಎತ್ತಿದ ಮೇಲೆ ಜಗ್ಗಾಡಬಾರದು. ಬಿಚ್ಚಿದ ಚಕ್ರವನ್ನು ಪಕ್ಕಕ್ಕೆ ಒರಗಿಸಬೇಡಿ, ಕಾರಿನ ಅಡಿಗೇ ಮಲಗಿಸಿ. ಸ್ಟಾಂಡ್ ಜಾರಿದರೂ ಮಧ್ಯೆ ಅಷ್ಟು ಜಾಗವಾದರೂ ಉಳಿಯುತ್ತದೆ.

ಗ್ಯಾರೇಜ್ ಮಾಮ
ಓದಿ ನಗು ಬಂತು. ತಲೆ ಬೆಳ್ಳಗಾಗುವ ತನಕ ಇದೇ ಕೆಲಸ ಮಾಡಿದ್ದೇನೆ. ಸ್ಟಾಂಡ್ ಯಾರ ಹತ್ತಿರ ಇತ್ತು? ಎರಡು ಸೈಜುಗಲ್ಲು, ಇಲ್ಲಾಂದ್ರೆ ನಾಲ್ಕು ಇಟ್ಟಿಗೆ. ನನಗೇನೂ ಆಗಿಲ್ಲ. ಈಗಿನವರಿಗೆ ಬೋಲ್ಟ್ ಬಿಚ್ಚೋಕಿಂತ ಸಾಮಾನು ಕೊಳ್ಳೋದರಲ್ಲೇ ಖುಷಿ.

ಸೈಟ್ ಇಂಜಿನಿಯರ್
ಮಾಮ, ಬೇಜಾರಾಗಬೇಡಿ. ಸೈಜುಗಲ್ಲು ಬೇರೆ, ಇಟ್ಟಿಗೆ ಬೇರೆ. ಇಟ್ಟಿಗೆ, ಹಾಲೋ ಬ್ಲಾಕು ಗೋಡೆಯಲ್ಲಿ ಭಾರ ಹೊರುತ್ತವೆ ನಿಜ. ಅಲ್ಲಿ ಭಾರ ಇಡೀ ಮೈಮೇಲೆ ಹರಡಿರುತ್ತದೆ. ಕಾರಿನ ಆಕ್ಸಲ್ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಕಬ್ಬಿಣವಾದರೆ ಒಡೆಯುವ ಮುಂಚೆ ಬಾಗುತ್ತದೆ, ಸದ್ದು ಮಾಡುತ್ತದೆ. ಬ್ಲಾಕು ಯಾವ ಸೂಚನೆಯನ್ನೂ ಕೊಡದೆ ಒಂದೇ ಸಲಕ್ಕೆ ಪುಡಿಯಾಗುತ್ತದೆ. ಹಾಲೋ ಬ್ಲಾಕನ್ನು ಅಡ್ಡ ಮಲಗಿಸಿದರಂತೂ ಕೇಳುವುದೇ ಬೇಡ.

ಗ್ಯಾರೇಜ್ ಮಾಮ
ಸರಿ ಸ್ವಾಮಿ, ಇಟ್ಟಿಗೆ ಬಿಟ್ಟೆ. ಸೈಜುಗಲ್ಲು ಬಿಡಲ್ಲ.

ದುರ್ಗದ ಲಾರಿ
ನೀವೆಲ್ಲ ಕಾರಿನ ಮಾತಾಡ್ತಿದ್ದೀರಿ. ನಮ್ಮ ಹೈವೇ ಕಡೆ ಪಂಚರ್ ಅಂಗಡಿಗೆ ಬನ್ನಿ, ಲಾಕ್ ರಿಂಗ್ ಅಂದರೇನು ಅಂತ ತೋರಿಸ್ತೀನಿ. ಟ್ಯೂಬ್ ಇರುವ ಲಾರಿ ಟೈರಿನ ಡಿಸ್ಕಿಗೆ ಒಂದು ಬದಿ ಕಬ್ಬಿಣದ ರಿಂಗ್ ಹಾಕಿ ಕೂರಿಸುತ್ತಾರೆ. ಅದು ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೋ ಇಲ್ಲವೋ ಗಾಳಿ ತುಂಬುವಾಗಲೇ ಗೊತ್ತಾಗೋದು. ಕಾರಿಗೆ 30-35 ಪಿಎಸ್‌ಐ ಗಾಳಿ, ಲಾರಿಗೆ 100 ದಾಟುತ್ತದೆ. ಅಷ್ಟು ಅಗಲದ ಟೈರಿನ ಒಳಗೆ ಅಂದರೆ ರಿಂಗಿನ ಮೇಲೆ ಟನ್‌ಗಟ್ಟಲೆ ಒತ್ತಡ. ತುಕ್ಕು ಹಿಡಿದ ರಿಂಗ್ ಚಿಮ್ಮಿದರೆ ಎದುರಿಗೆ ಕೂತವನ ತಲೆ ಉಳಿಯಲ್ಲ.

ಹುಡುಗರು ಏನು ಮಾಡ್ತಾರೆ ಗೊತ್ತಾ? ಗಾಳಿ ತುಂಬುತ್ತಿರುವಾಗಲೇ ಸುತ್ತಿಗೆಯಿಂದ ರಿಂಗ್ ಬಡಿದು ಕೂರಿಸುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಕೂತಿಲ್ಲ ಅನಿಸಿದರೆ ವಾಲ್ವ್ ಪಿನ್ನು ಬಿಚ್ಚಿ ಗಾಳಿ ಪೂರ್ತಿ ಬಿಟ್ಟು ಆಮೇಲೆ ಮುಟ್ಟಬೇಕು. ಕಬ್ಬಿಣದ ಪಂಜರದೊಳಗೆ ಇಟ್ಟು ಗಾಳಿ ತುಂಬುವುದು ಸರಿಯಾದ ಕ್ರಮ. ಅದಿಲ್ಲದ ಕಡೆ ರಿಂಗ್ ಇರುವ ಬದಿ ನೆಲಕ್ಕೆ ಮಾಡಿ, ಸರಪಳಿ ಸುತ್ತಿ, ಉದ್ದ ಪೈಪ್ ಹಾಕಿ ದೂರದಿಂದ ತುಂಬುತ್ತಾರೆ. ಪಂಜರಕ್ಕೆ ಸಮ ಅಲ್ಲ ಅದು. ಏನೂ ಇಲ್ಲದಿದ್ದಕ್ಕಿಂತ ವಾಸಿ, ಅಷ್ಟೇ.

ಟಿಪ್ಪರ್ ಬಗ್ಗೆಯೂ ಒಂದು ಮಾತು. ಬಾಡಿ ಎತ್ತಿ ಹೈಡ್ರಾಲಿಕ್ ಮೇಲೇ ಬಿಟ್ಟು ಅಡಿಗೆ ತಲೆ ಹಾಕಬೇಡಿ. ಅಡ್ಡ ಕೊಡಲು ಕಬ್ಬಿಣದ ಕಾಲು ಇರುತ್ತದೆ, ಅದನ್ನು ಹಾಕಿ. ಹೋಸ್ ಪೈಪ್ ಹರಿದರೆ ಬಾಡಿ ಬೀಳುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಭಾನುವಾರದ ಮೆಕ್ಯಾನಿಕ್
ಲಾರಿಯಣ್ಣ, ಇದು ನನಗೆ ಬೇಕಾಗುವ ವಿಷಯವಲ್ಲ, ಆದರೂ ಓದಿ ಮೈ ಜುಂ ಅಂತು. ಇನ್ನು ಮೇಲೆ ಪಂಚರ್ ಅಂಗಡಿ ಮುಂದೆ ನಿಂತು ಟೀ ಕುಡಿಯಲ್ಲ.

ಕುಡ್ಲ ಬೈಕರ್
ಬೈಕಿನವರಿಗೆ ಒಂದೇ ವಿಷಯ ಮಾರಾಯ್ರೇ. ಚೈನ್ ಕ್ಲೀನ್ ಮಾಡುವಾಗ ಇಂಜಿನ್ ಆಫ್. ಡಬಲ್ ಸ್ಟಾಂಡ್ ಹಾಕಿ, ಫಸ್ಟ್ ಗೇರಲ್ಲಿ ಚಕ್ರ ತಿರುಗಲು ಬಿಟ್ಟು ಬಟ್ಟೆ ಹಿಡಿಯುವವರು ಈಗಲೂ ಇದ್ದಾರೆ. ಬಟ್ಟೆ ಚೈನಿನ ಹಲ್ಲು ಚಕ್ರ, ಅಂದರೆ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಬೆರಳೂ ಅದರ ಹಿಂದೆಯೇ ಹೋಗ್ತದೆ. ಕೈ ಎಳೆದುಕೊಳ್ಳುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ನ್ಯೂಟ್ರಲ್‌ಗೆ ಹಾಕಿ ಕೈಯಲ್ಲೇ ಚಕ್ರ ತಿರುಗಿಸಿ, ಬ್ರಷ್ ಬಳಸಿ. ಹತ್ತು ನಿಮಿಷ ಜಾಸ್ತಿ ಆಗ್ತದೆ, ಆಗ್ಲಿ.

ಚಾರ್ಜರ್ ಚೆನ್ನ
ನಮ್ಮ ಪಿಜಿಯಲ್ಲಿ ಒಬ್ಬನಿಗೆ ಹೀಗೇ ಆಗಿದೆ. ತೋರುಬೆರಳಿನ ತುದಿ ಇಲ್ಲ. ಈಗಲೂ ಚೈನ್ ಹಾಗೇ ಕ್ಲೀನ್ ಮಾಡ್ತಾನೆ!

ವಾರ್ಡ್ ನಂಬರ್ ಏಳು
ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಗಾಡಿ ರಿಪೇರಿ ಕೇಸುಗಳು ಬರುತ್ತಲೇ ಇರುತ್ತವೆ. ಇಲ್ಲಿ ಇನ್ನೂ ಯಾರೂ ಎತ್ತದ ಕೆಲವು ವಿಷಯ ಹೇಳ್ತೀನಿ.

ಪೈಪ್ ಬಾಯಲ್ಲಿಟ್ಟು ಪೆಟ್ರೋಲ್ ಎಳೆಯುವುದು. ಒಂದು ಗುಟುಕು ಒಳಗೆ ಹೋಯಿತು ಅಂತ ಮನೆಯವರು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುತ್ತಾರೆ. ದಯವಿಟ್ಟು ಬೇಡ. ಹೊಟ್ಟೆಗೆ ಹೋದ ಪೆಟ್ರೋಲಿಗಿಂತ ಶ್ವಾಸಕೋಶಕ್ಕೆ ಹೋದ ಪೆಟ್ರೋಲ್ ಕೆಟ್ಟದ್ದು. ವಾಂತಿ ಮಾಡಿಸಿದರೆ ಅದು ಎರಡನೇ ಸಲ ಶ್ವಾಸಕೋಶದ ಬಾಗಿಲಿಗೆ ಬರುತ್ತದೆ. ಕೆಮ್ಮು ಶುರುವಾಗಿದ್ದರೆ ಆಗಲೇ ಸ್ವಲ್ಪ ಒಳಗೆ ಹೋಗಿದೆ ಅಂತ ತಿಳಿದು ನೇರ ಆಸ್ಪತ್ರೆಗೆ ಕರೆತನ್ನಿ. ಕೈಯಲ್ಲಿ ಒತ್ತುವ ಪಂಪು ಸಿಗುವಾಗ ಬಾಯಿ ಯಾಕೆ ಬೇಕು?

ಎರಡನೆಯದು ಗ್ರೀಸ್ ಗನ್, ಡೀಸೆಲ್ ಇಂಜೆಕ್ಟರ್. ಈಗಿನ ಕಾಮನ್ ರೈಲ್ ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ 1,600 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 1,600 ಪಟ್ಟು ದಾಟುತ್ತದೆ. ಲೀಕ್ ಎಲ್ಲಿದೆ ಅಂತ ಬೆರಳಿಟ್ಟು ನೋಡಿದರೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ. ನೋವೂ ಮೊದಲು ಅಷ್ಟಿರುವುದಿಲ್ಲ. ಒಳಗೆ ಮಾತ್ರ ಎಣ್ಣೆ ನರದ ಗುಂಟ ಮೇಲಕ್ಕೆ ಹರಿದಿರುತ್ತದೆ. ಬ್ಯಾಂಡೇಜ್ ಸುತ್ತಿಕೊಂಡು ಮಾರನೇ ದಿನ ಬಂದವರು ಬೆರಳು ಕಳೆದುಕೊಳ್ಳುತ್ತಾರೆ. ಅದು ಅದೇ ದಿನ, ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಬೇಕಾದ ಗಾಯ. ಲೀಕ್ ನೋಡಬೇಕಾದರೆ ರಟ್ಟಿನ ತುಂಡು ಹಿಡಿಯಿರಿ.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು, ಅರಿಶಿನ, ಗ್ರೀಸ್ ಯಾವುದೂ ಬೇಡ. ಹರಿಯುವ ತಣ್ಣೀರು, 20 ನಿಮಿಷ. ಬ್ಯಾಟರಿ ಆಸಿಡ್ ಕಣ್ಣಿಗೆ ಬಿದ್ದರೂ ನೀರೇ ಮದ್ದು. ಕಣ್ಣು ತೆರೆದು ತೊಳೆಯುತ್ತಲೇ ಇರಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಮಲ್ನಾಡ್ ಜೀಪ್
ಮೇಡಂ, "ನರದ ಗುಂಟ" ಅಂದ್ರಲ್ಲ, ನಿಜಾನಾ? ನಮ್ಮಲ್ಲಿ ಗ್ರೀಸ್ ಗನ್ ತುದಿಗೆ ಬೆರಳು ಒತ್ತಿ ಬಂತಾ ಇಲ್ಲವಾ ಅಂತ ನೋಡೋದು ಮಾಮೂಲಿ.

ವಾರ್ಡ್ ನಂಬರ್ ಏಳು
ಸ್ನಾಯುರಜ್ಜು ಸುತ್ತ ಇರುವ ಪೊರೆಯ ಒಳಗೆ ಹೋಗುತ್ತದೆ. ಅರ್ಥವಾಗಲಿ ಅಂತ ನರ ಅಂದೆ, ಡಾಕ್ಟರು ಓದಿದರೆ ಬೈತಾರೆ. ಬೆರಳು ಒತ್ತೋದನ್ನ ನಿಲ್ಲಿಸಿ.

ಹೈವೇ ಹನುಮ
ಗಾಳಿ ಪೈಪಿನ ತಮಾಷೆ ಬಗ್ಗೆ ಯಾರೂ ಹೇಳಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವೀಸ್ ಸೆಂಟರ್ ಒಂದರಲ್ಲಿ ಸ್ನೇಹಿತನ ಹಿಂಭಾಗಕ್ಕೆ ಗಾಳಿ ಪೈಪ್ ಇಟ್ಟು ಆಟ ಆಡಿದ್ದು, ಆ ಹುಡುಗ ಸತ್ತೇ ಹೋದದ್ದು ಪೇಪರಿನಲ್ಲಿ ಬಂದಿತ್ತು. ಕರುಳು ಹರಿದುಹೋಗಲು ಕ್ಷಣ ಸಾಕು. ಬಟ್ಟೆ ಧೂಳು ಕೊಡವಲು ಕಂಪ್ರೆಸರ್ ಗಾಳಿ ಬಿಟ್ಟುಕೊಳ್ಳುವವರೂ ಸ್ವಲ್ಪ ಯೋಚಿಸಿ. ಗಾಯ ಇದ್ದರೆ ಗಾಳಿ ಚರ್ಮದೊಳಗೆ ನುಗ್ಗುತ್ತದೆ, ಕಣ್ಣಿಗೆ ಕಸ ಹೊಡೆಯುತ್ತದೆ.

ಗ್ಯಾರೇಜ್ ಮಾಮ
ಇದರಲ್ಲಿ ನನ್ನ ತಕರಾರಿಲ್ಲ. ನನ್ನ ಗ್ಯಾರೇಜಲ್ಲಿ ಗಾಳಿ ಪೈಪ್ ಮನುಷ್ಯರ ಕಡೆ ತಿರುಗಿಸಿದವನಿಗೆ ಅವತ್ತೇ ಲೆಕ್ಕ ಚುಕ್ತಾ.

ಶೇಷಾದ್ರಿಪುರ ಸೇಫ್ಟಿ
ಮೂಲ ಪ್ರಶ್ನೆಗೆ ಬರೋಣ. ಬೇಸ್‌ಮೆಂಟ್ ಅಂದಿದ್ದೀರಿ. ನನಗೆ ಜಾಕಿಗಿಂತ ಜಾಸ್ತಿ ಭಯ ಇದರದ್ದೇ. ಇಂಜಿನ್ ಸ್ಟಾರ್ಟ್ ಮಾಡಿ ಬಿಟ್ಟು ಟ್ಯೂನ್ ಮಾಡುವ ಕೆಲಸ ಅಲ್ಲಿ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಸ್ವಲ್ಪ ವಾಕರಿಕೆ. ಊಟ ಮಾಡಿಲ್ಲ, ಅದಕ್ಕೇ ಇರಬೇಕು ಅಂದುಕೊಳ್ಳುತ್ತೀರಿ. ಆಮೇಲೆ ಎದ್ದು ಹೊರಗೆ ಹೋಗೋಣ ಅಂದರೆ ಕಾಲು ಬರುವುದಿಲ್ಲ. ಮಾಸ್ಕು ಇದನ್ನು ತಡೆಯುವುದಿಲ್ಲ. ಬಯಲಿಗೆ ತನ್ನಿ, ಅದೊಂದೇ ದಾರಿ.

ಪೆಟ್ರೋಲಿನದ್ದು ಇನ್ನೊಂದು ಕಥೆ. ಅದರ ಆವಿ ಗಾಳಿಗಿಂತ ಭಾರ. ನೆಲದ ಗುಂಟ ಹರಿದು ತಗ್ಗಿನಲ್ಲಿ ಕೂರುತ್ತದೆ. ಬೇಸ್‌ಮೆಂಟ್ ಅಂದರೆ ಪೂರ್ತಿ ತಗ್ಗೇ ಅಲ್ವಾ? ನೀರಿನ ಪಂಪಿನ ಸ್ವಿಚ್ಚು ದೂರದಲ್ಲಿದ್ದರೂ ಆವಿ ಅಲ್ಲಿಗೆ ತಲುಪಬಹುದು. ಕೈ ತೊಳೆಯಲು, ಪಾರ್ಟ್ಸ್ ತೊಳೆಯಲು ಪೆಟ್ರೋಲ್ ಬೇಡ. ಅದರಲ್ಲಿ ಬೆಂಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವುದು ಖಚಿತವಾದ ಪಟ್ಟಿಯಲ್ಲಿದೆ. ಚರ್ಮದ ಎಣ್ಣೆಯಂಶ ಹೋಗಿ ಕೈ ಬಿರಿಯುವುದಂತೂ ಎಲ್ಲ ಮೆಕ್ಯಾನಿಕ್‌ಗಳ ಕೈ ನೋಡಿದರೆ ಗೊತ್ತಾಗುತ್ತದೆ.

ಗ್ಯಾರೇಜ್ ಮಾಮ
ಪೆಟ್ರೋಲ್ ಇಲ್ಲದೆ ಗ್ರೀಸ್ ಹೋಗೋದು ಹೇಗೆ? ಸೋಪಿಗೆ ಜಗ್ಗಲ್ಲ.

ಕುಡ್ಲ ಬೈಕರ್
ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಆಮೇಲೆ ಪಾತ್ರೆ ಸೋಪು ಮತ್ತು ಸಕ್ಕರೆ. ಹೋಗ್ತದೆ. ನಮ್ಮಲ್ಲಿ ತೆಂಗಿನೆಣ್ಣೆಗೆ ಬರಗಾಲವೇ ಇಲ್ಲ!

ಬೆಳಗಾವಿ ವೆಲ್ಡರ್
ಅಲ್ರೀ, ಸಕ್ಕರೆ ರೇಟ್ ನೋಡೀರೇನ್ರಿ? ಮರದ ಪುಡಿ ಸಾಕು.

ನಮ್ಮ ಕೆಲಸದ್ದು ಹೇಳ್ತೀನಿ. ಪೆಟ್ರೋಲ್ ಟ್ಯಾಂಕ್ ತೂತಾಗಿದೆ, "ಖಾಲಿ ಮಾಡೀವಿ, ವೆಲ್ಡಿಂಗ್ ಹೊಡೀರಿ" ಅಂತ ತರ್ತಾರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಒಳಗೆ ಉಳಿದಿದ್ದೆಲ್ಲ ಆವಿ, ಜೊತೆಗೆ ಗಾಳಿ. ಒಂದು ಕಿಡಿ ಬಿದ್ದರೆ ಮುಗೀತು. ನೀರು ತೊಳೆದರೂ ಮೂಲೆಯೊಳಗೆ, ತುಕ್ಕಿನೊಳಗೆ ಪೆಟ್ರೋಲ್ ಕೂತಿರುತ್ತದೆ, ಬಿಸಿ ತಾಗಿದ ಕೂಡಲೇ ಹೊರಗೆ ಬರುತ್ತದೆ. ನಾನು ಟ್ಯಾಂಕ್ ಕೆಲಸ ತಗೊಳ್ಳೋದೇ ಇಲ್ಲ. ಗಿರಾಕಿ ಹೋದರೆ ಹೋಗಲಿ.

ಕಾರಿಗೆ ವೆಲ್ಡಿಂಗ್ ಮಾಡಿಸುವವರು ಬ್ಯಾಟರಿ ವೈರ್ ತೆಗೆದೇ ತನ್ನಿ. ಇಲ್ಲಾಂದ್ರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟಿತು ಅಂತ ಆಮೇಲೆ ನಮ್ಮ ಜೊತೆ ಜಗಳ ಬೇಡ.

ಭಾನುವಾರದ ಮೆಕ್ಯಾನಿಕ್
ಬ್ಯಾಟರಿಯಲ್ಲಿ ಯಾವ ವೈರ್ ಮೊದಲು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಚಾರ್ಜರ್ ಚೆನ್ನ
ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅಲ್ಲೇ ಶಾರ್ಟ್. 12 ವೋಲ್ಟ್ ತಾನೆ ಅಂತ ಉದಾಸೀನ ಬೇಡ. ಶಾಕ್ ಹೊಡೆಯಲ್ಲ ನಿಜ, ಆದರೆ ಕರೆಂಟು ನೂರಾರು ಆಂಪ್ ಹರಿಯುತ್ತದೆ. ಕೈಯಲ್ಲಿ ಉಂಗುರ, ಕಡಗ, ಸ್ಟೀಲ್ ವಾಚ್ ಇದ್ದು ಮಧ್ಯೆ ಸಿಕ್ಕಿದರೆ ಕೆಂಪಗೆ ಕಾದು ಬೆರಳೇ ಸುಡುತ್ತದೆ. ಕೆಲಸಕ್ಕೆ ಮುಂಚೆ ಮದುವೆ ಉಂಗುರವೂ ತೆಗೆಯಿರಿ, ಮನೆಯಲ್ಲಿ ಏನಾದರೂ ಹೇಳಿ ಒಪ್ಪಿಸಿ.

ಚಾರ್ಜ್ ಆಗುತ್ತಿರುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ 4 ಶೇಕಡಾ ಸೇರಿದರೂ ಹೊತ್ತಿಕೊಳ್ಳುತ್ತದೆ. ಅದಕ್ಕೇ ಜಂಪ್ ಸ್ಟಾರ್ಟ್ ಮಾಡುವಾಗ (ಬೇರೆ ಗಾಡಿಯ ಬ್ಯಾಟರಿಯಿಂದ ವೈರ್ ಎಳೆದು ಸ್ಟಾರ್ಟ್ ಮಾಡುವಾಗ) ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಮೈನಸ್‌ಗೆ ಹಾಕದೆ, ದೂರದಲ್ಲಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಹಾಕಬೇಕು. ಕಿಡಿ ಅಲ್ಲೇ ಮುಗಿಯುತ್ತದೆ.

ಇವಿ ಕಾರು ಇದ್ದವರಿಗೆ: ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ. ಅದು ನೂರಾರು ವೋಲ್ಟು, ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಮಲ್ನಾಡ್ ಜೀಪ್
ರೇಡಿಯೇಟರ್ ಮುಚ್ಚಳವನ್ನೂ ಸೇರಿಸಿ. ಘಾಟಿ ಹತ್ತಿ ಬಿಸಿಯಾದ ಗಾಡಿ ನಿಲ್ಲಿಸಿ ಮುಚ್ಚಳ ತಿರುಗಿಸುವವರನ್ನು ಆಗುಂಬೆ ಕಡೆ ಪ್ರತಿ ಬೇಸಿಗೆ ನೋಡ್ತೀವಿ. ಒತ್ತಡ ಇರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದ ತಕ್ಷಣ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ತೆಗೆಯಿರಿ. ಇನ್ನೊಂದು, ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಆದ ಮೇಲೂ ಫ್ಯಾನ್ ತಾನಾಗಿ ತಿರುಗುತ್ತದೆ. ಬಾನೆಟ್ ಒಳಗೆ ಕೈ ಹಾಕುವ ಮುಂಚೆ ಕೀ ತೆಗೆಯಿರಿ. ಲುಂಗಿ, ಶಾಲು ಸುತ್ತಿಕೊಂಡು ಬಾನೆಟ್ ಮುಂದೆ ನಿಲ್ಲಬೇಡಿ.

ಶೇಷಾದ್ರಿಪುರ ಸೇಫ್ಟಿ
ರೇಡಿಯೇಟರಿನಿಂದ ಬಸಿದ ಹಳೇ ಕೂಲೆಂಟ್ ತಟ್ಟೆಯಲ್ಲಿ ತೆರೆದಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಬೀದಿ ನಾಯಿ, ಮಕ್ಕಳು ಕುಡಿದರೆ ಕಿಡ್ನಿ ಹೋಗುತ್ತದೆ.

ಗ್ಯಾರೇಜ್ ಮಾಮ
ಬ್ರೇಕ್ ಧೂಳಿನ ಬಗ್ಗೆ ಏನಾದರೂ ಹೇಳ್ತೀರಾ ಅಂತ ಕಾಯ್ತಾ ಇದ್ದೆ. ನಾವು ಡ್ರಮ್ ಬಿಚ್ಚಿ ಉಫ್ ಅಂತ ಊದೋದೇ. ಏನೂ ಆಗಿಲ್ಲ.

ವಾರ್ಡ್ ನಂಬರ್ ಏಳು
ಮಾಮ, "ಏನೂ ಆಗಿಲ್ಲ" ಅನ್ನೋ ಮಾತು ಜಾಕಿನ ವಿಷಯದಲ್ಲಿ ನಡೆಯಬಹುದು, ಬಿದ್ದಿದ್ದರೆ ಅವತ್ತೇ ಗೊತ್ತಾಗ್ತಿತ್ತು. ಧೂಳಿನ ವಿಷಯದಲ್ಲಿ ನಡೆಯಲ್ಲ. ಬ್ರೇಕ್ ಧೂಳಿನಲ್ಲಿ ಇರಬಹುದಾದ ಆಸ್ಬೆಸ್ಟಾಸ್ (ಬಿಸಿ ತಾಳುವ ಖನಿಜದ ನಾರು) ತೊಂದರೆ ಹೊರಬರಲು 20ರಿಂದ 40 ವರ್ಷ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಬಿಳಿ ಆಸ್ಬೆಸ್ಟಾಸ್ ಬಳಕೆಗೆ ಪೂರ್ತಿ ನಿಷೇಧ ಬಂದಿಲ್ಲ. ಲೋಕಲ್ ಬ್ರೇಕ್ ಶೂನಲ್ಲಿ ಏನಿದೆ ಅಂತ ಪೊಟ್ಟಣ ನೋಡಿ ಹೇಳಲಾಗದು. ಊದಬೇಡಿ, ಗಾಳಿ ಹೊಡೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ನಿಮ್ಮ ಉಸಿರು ಹೇಗಿದೆ? ಮೆಟ್ಟಿಲು ಹತ್ತಿದರೆ ಕೆಮ್ಮು ಬರುತ್ತಾ?

ಗ್ಯಾರೇಜ್ ಮಾಮ
ಬೀಡಿ ಕೆಮ್ಮು ಅಮ್ಮಾ ಅದು.

ವಾರ್ಡ್ ನಂಬರ್ ಏಳು
ಹಾಗಾದರೆ ಇನ್ನೂ ಬೇಗ ತೋರಿಸಿ. ಆಸ್ಬೆಸ್ಟಾಸ್ ಮತ್ತು ಬೀಡಿ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಒಂದೊಂದೇ ಇದ್ದಾಗಿನದಕ್ಕಿಂತ ತುಂಬಾ ಜಾಸ್ತಿ. ಒಂದು ಎಕ್ಸ್‌ರೇ ತೆಗೆಸಿ, ಜಿಲ್ಲಾಸ್ಪತ್ರೆಯಲ್ಲೇ ಆಗುತ್ತದೆ.

ಪೇಂಟ್ ಬೂತ್ ಪಾಪಣ್ಣ
ಪೇಂಟಿನವರದ್ದೂ ಕೇಳಿ. ಈಗಿನ ಎರಡು ಡಬ್ಬದ ಪೇಂಟಿಗೆ ಹಾಕುವ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಒಮ್ಮೆ ಅದಕ್ಕೆ ಮೈ ಒಗ್ಗದೆ ಆಸ್ತಮಾ ಹಿಡಿಯಿತು ಅಂದರೆ ಆಮೇಲೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಹೊಡೆಯುವ ಹುಡುಗರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಬೇಕು, ಅದರ ದುಡ್ಡಿಗೆ ಮಾಲೀಕರು ಒಪ್ಪುವುದಿಲ್ಲ. ನಾನು ಸ್ಪ್ರೇ ಬಿಟ್ಟು ಪಾಲಿಶ್ ಕೆಲಸಕ್ಕೆ ಬಂದಿದ್ದೇ ಇದಕ್ಕೆ.

ಶಾರ್ಜಾ ಸ್ಪ್ಯಾನರ್
ಇಲ್ಲಿ ನಮ್ಮ ವರ್ಕ್‌ಶಾಪಿನಲ್ಲಿ ಬೂಟು, ಕನ್ನಡಕ ಇಲ್ಲದೆ ಒಳಗೆ ಬಿಡುವುದಿಲ್ಲ. ಊರಲ್ಲಿ ಅದೇ ಕೆಲಸವನ್ನು ಚಪ್ಪಲಿಯಲ್ಲಿ ಮಾಡ್ತಿದ್ದೆ. ವ್ಯತ್ಯಾಸ ಬುದ್ಧಿಯದ್ದಲ್ಲ, ಹೇಳುವವರು ಇದ್ದಾರಾ ಇಲ್ಲವಾ ಅನ್ನೋದು.

ಹೈವೇ ಹನುಮ
ಊರಲ್ಲೂ ಈಗ ಸ್ವಲ್ಪ ಬದಲಾಗಿದೆ. ಮೋಟಾರು ಸಾರಿಗೆ ಮತ್ತು ಸಂಬಂಧಿಸಿದ ಕಾರ್ಮಿಕರಿಗೆ ಅಂತ 2024ರಲ್ಲಿ ರಾಜ್ಯದಲ್ಲಿ ಕಾಯ್ದೆ ಬಂತು. ಡ್ರೈವರ್‌ಗಳ ಜೊತೆ ಗ್ಯಾರೇಜ್ ಕೆಲಸದವರೂ ಅದರಲ್ಲಿ ಬರುತ್ತಾರೆ. ಹುಡುಗರ ಹೆಸರು ನೋಂದಾಯಿಸಿ ಅಂತ ಮಾಲೀಕರಿಗೆ ಹೇಳಿದರೆ "ಆಮೇಲೆ ನೋಡೋಣ" ಅಂತಾರೆ. ನೋಂದಾಯಿಸಿಕೊಳ್ಳುವುದು ಹುಡುಗರ ಕೈಯಲ್ಲೇ ಇದೆ, ಕಾರ್ಮಿಕ ಇಲಾಖೆಗೆ ಹೋಗಿ ಕೇಳಿ. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಂಡವರ ಬಗ್ಗೆ ನಾನು ಮಾತಾಡಲ್ಲ, ಅದು ನೇರ ಅಪರಾಧ.

ಭಾನುವಾರದ ಮೆಕ್ಯಾನಿಕ್
ಎಲ್ಲರಿಗೂ ಥ್ಯಾಂಕ್ಸ್. ಆಕ್ಸಲ್ ಸ್ಟಾಂಡ್ ಆರ್ಡರ್ ಮಾಡಿದೆ. ಕೆಲಸ ಬೇಸ್‌ಮೆಂಟಿನಿಂದ ಗೇಟಿನ ಪಕ್ಕದ ಖಾಲಿ ಸೈಟಿಗೆ ಹೋಯಿತು, ಅಸೋಸಿಯೇಷನ್ ಸೆಕ್ರೆಟರಿಗೂ ಸಮಾಧಾನ. ಗ್ಲೌಸಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಬೇಕಾ ಬೇಡವಾ?

ಶೇಷಾದ್ರಿಪುರ ಸೇಫ್ಟಿ
ಹಳೇ ಆಯಿಲ್ ಮುಟ್ಟುವಾಗ ನೈಟ್ರೈಲ್ (ಎಣ್ಣೆ ತಡೆಯುವ ರಬ್ಬರ್) ಗ್ಲೌಸ್ ಹಾಕಿ. ಓಡಿದ ಇಂಜಿನ್ ಆಯಿಲ್ ಚರ್ಮಕ್ಕೆ ಪದೇ ಪದೇ ತಾಗುವುದು ಒಳ್ಳೆಯದಲ್ಲ, ಆಯಿಲ್ ನೆನೆದ ವೇಸ್ಟ್ ಬಟ್ಟೆಯನ್ನು ಪ್ಯಾಂಟ್ ಜೇಬಿನಲ್ಲಿ ತುರುಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಆದರೆ ಡ್ರಿಲ್, ಗ್ರೈಂಡರ್, ತಿರುಗುವ ಬೆಲ್ಟ್ ಹತ್ತಿರ ಬಟ್ಟೆ ಗ್ಲೌಸ್ ಹಾಕಲೇಬೇಡಿ. ನೂಲು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕನ್ನಡಕ ಮಾತ್ರ ಗಾಡಿ ಅಡಿಗೆ ಹೋದಾಗೆಲ್ಲ ಇರಲಿ, ತುಕ್ಕು ಕಣ್ಣಿಗೇ ಉದುರುತ್ತದೆ.

ಕುಡ್ಲ ಬೈಕರ್
ಬಸಿದ ಹಳೇ ಆಯಿಲ್ ಏನು ಮಾಡ್ತೀರಿ ಎಲ್ಲರೂ? ಚರಂಡಿಗೆ ಬೇಡ ಅಂತ ಗೊತ್ತುಂಟು.

ಬೆಳಗಾವಿ ವೆಲ್ಡರ್
ಬಾಗಿಲ ಚೌಕಟ್ಟಿಗೆ, ಬೇಲಿ ಕಂಬಕ್ಕೆ ಬಳೀರಿ. ಗೆದ್ದಲು ಹತ್ತಿರ ಬರಲ್ಲ.

ಶೇಷಾದ್ರಿಪುರ ಸೇಫ್ಟಿ
ಅಯ್ಯೋ, ಬೇಡ. ಮಳೆಗೆ ಅದೆಲ್ಲ ಮಣ್ಣಿಗೆ, ಬಾವಿಗೆ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಕ್ಯಾನಿನಲ್ಲಿ ತುಂಬಿಟ್ಟು ದೊಡ್ಡ ಸರ್ವೀಸ್ ಸೆಂಟರಿಗೆ ಕೊಡಿ, ಅವರಿಂದ ಪರವಾನಗಿ ಇರುವವರು ಒಯ್ಯುತ್ತಾರೆ.

ಬೆಳಗಾವಿ ವೆಲ್ಡರ್
ನಮ್ಮಜ್ಜನ ಕಾಲದ ಕಂಬ ಇನ್ನೂ ನಿಂತಾವ್ರೀ. ಗೆದ್ದಲಿಗೆ ಬೇರೆ ಏನು ಹಚ್ಚಲಿ ಹೇಳ್ರಿ ಮತ್ತೆ?

ಮಲ್ನಾಡ್ ಜೀಪ್
ಗೇರು ಎಣ್ಣೆ ಸಿಗುತ್ತಾ ನೋಡಿ, ನಮ್ಮ ಕಡೆ ಅದನ್ನೇ ಬಳಿಯೋದು. ಆದರೆ ಕೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಅದಕ್ಕೂ ಗ್ಲೌಸ್ ಬೇಕು.